ವಾರದ ಉಳಿದ ಆರು ದಿನ: ಇಂದಿನ ಕ್ರೈಸ್ತ ಸಭಾಜೀವನ ಮತ್ತು ಸೇವೆ

(ಹೊಸಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ವರ್ಷದ ದತ್ತಿ ಉಪನ್ಯಾಸಕ್ಕೆ ಒಬ್ಬ ಸಭಾಪಾಲಕನನ್ನು ಕರೆದಿದ್ದೀರಿ. ಕನ್ನಡದ ವೇದಿಕೆಯ ಮೇಲೆ ನಿಂತು ಕ್ರೈಸ್ತ ಸಭೆಯ ಒಳಗಿನ ಮಾತನ್ನು ಆಡುವ ಅವಕಾಶ ನಮ್ಮಂಥವರಿಗೆ ಅಪರೂಪ. ಅದಕ್ಕಾಗಿ ದಾನಿಗಳಿಗೂ ಸಂಘಟಕರಿಗೂ ಮೊದಲು ಕೃತಜ್ಞತೆ ಹೇಳುತ್ತೇನೆ.

2011ರ ಜನಗಣತಿಯಂತೆ ಕರ್ನಾಟಕದ 6 ಕೋಟಿ 11 ಲಕ್ಷ ಜನರಲ್ಲಿ ಕ್ರೈಸ್ತರು 11 ಲಕ್ಷ 42 ಸಾವಿರ. ನೂರಕ್ಕೆ ಇಬ್ಬರೂ ಇಲ್ಲ. ನಮ್ಮ ಹಳ್ಳಿಗಳಲ್ಲಂತೂ ಕ್ರೈಸ್ತರ ಮನೆಗಳನ್ನು ಹುಡುಕಿಕೊಂಡು ಹೋಗಬೇಕು. ಇಷ್ಟು ಸಣ್ಣ ಸಮುದಾಯದ ಸುಖದುಃಖವನ್ನು ಊರಿನ ಎಲ್ಲರ ಮುಂದೆ ಏಕೆ ಇಡಬೇಕೆಂದು ಯಾರಾದರೂ ಕೇಳಬಹುದು. ಸಭೆಯ ಜನ ನಿಮ್ಮ ಓಣಿಯಲ್ಲೇ ಇರುವವರು. ನಿಮ್ಮ ಹೊಲಕ್ಕೆ ಕೂಲಿಗೆ ಬರುವವರು, ನಿಮ್ಮ ಮಕ್ಕಳ ಜೊತೆ ಶಾಲೆಗೆ ಹೋಗುವವರು, ನಿಮ್ಮ ಹಾಗೆಯೇ ಮಳೆಗಾಗಿ ಮುಗಿಲು ನೋಡುವವರು. ಅವರ ನಡುವೆ ಏನು ನಡೆಯುತ್ತಿದೆ ಎಂಬುದನ್ನು ಅವರ ಸಭಾಪಾಲಕನ ಬಾಯಿಂದಲೇ ಕೇಳುವುದು ಒಳ್ಳೆಯದು.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ನಾವು ಸಭೆಯನ್ನು ಭಾನುವಾರದಿಂದ ಅಳೆಯುತ್ತಾ ಬಂದಿದ್ದೇವೆ. ಎಷ್ಟು ಜನ ಕೂಡಿದರು, ಪ್ರಸಂಗ ಹೇಗಾಯಿತು, ಕಾಣಿಕೆ ಎಷ್ಟು ಬಂತು, ಕೀಬೋರ್ಡು, ಸೌಂಡ್ ಬಾಕ್ಸು ಚೆನ್ನಾಗಿದ್ದವೆ ಎಂದು ನೋಡುತ್ತೇವೆ. ಸೋಮವಾರದಿಂದ ಶನಿವಾರದವರೆಗೆ ಸಭೆ ಯಾರ ಜೊತೆ ಇತ್ತು ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಗೆ ಉತ್ತರ ಕೊಡಲಾರದ ಸಭೆ ಎಷ್ಟೇ ದೊಡ್ಡದಾಗಿದ್ದರೂ ಕ್ರಿಸ್ತನ ಸಭೆಯಾಗಿ ಉಳಿಯಲಾರದು ಎಂಬುದು ನನ್ನ ದೃಢವಾದ ನಂಬಿಕೆ.

ಈ ಸೀಮೆಯಲ್ಲಿ ಸಭೆ ಬೇರೂರಿದ ಬಗೆ

ಬಳ್ಳಾರಿ ಸೀಮೆಯಲ್ಲಿ ಪ್ರಾಟೆಸ್ಟಂಟ್ ಸೇವೆ ಆರಂಭವಾದದ್ದು 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರಿಂದ. ಅವರು ಇಲ್ಲಿಯೇ ನೆಲೆಸಿ ಕನ್ನಡ ಕಲಿತರು, ಬೈಬಲಿನ ಅನುವಾದಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದೇ ಮಿಷನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಕಿಟೆಲ್ ಅವರ ಪ್ರಸಿದ್ಧ ನಿಘಂಟು ಬಂದದ್ದು 1894ರಲ್ಲಿ, ಅದಾಗಿ ಅರವತ್ತೆರಡು ವರ್ಷಗಳ ನಂತರ. 1846ರಲ್ಲಿ ಬಳ್ಳಾರಿಯಲ್ಲಿ ವಾರ್ಡ್ಲಾ ಶಾಲೆ ತೆರೆಯಿತು. 1876ರಿಂದ 78ರವರೆಗಿನ ಧಾತು ಸಂವತ್ಸರದ ಬರ ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಾಕಿದಾಗ ದಕ್ಷಿಣ ಭಾರತದ ಮಿಷನ್ನುಗಳು ತಬ್ಬಲಿ ಮಕ್ಕಳನ್ನು ಸಾಕುವ ಕೆಲಸಕ್ಕೆ ಇಳಿದವು.

1908ರಲ್ಲಿ ಲಂಡನ್ ಮಿಷನ್ನಿನ ಸಭೆಗಳು ದಕ್ಷಿಣ ಭಾರತ ಐಕ್ಯ ಸಭೆಯಲ್ಲಿ ಒಂದಾದವು. ದೇಶಕ್ಕೆ ಸ್ವಾತಂತ್ರ್ಯ ಬಂದ ಮರುತಿಂಗಳು, 1947ರ ಸೆಪ್ಟೆಂಬರ್ 27ರಂದು, ಆ ಸಭೆ, ಆಂಗ್ಲಿಕನ್ನರು ಮತ್ತು ಮೆಥಡಿಸ್ಟರು ಮದ್ರಾಸಿನಲ್ಲಿ ಕೂಡಿ ದಕ್ಷಿಣ ಭಾರತ ಸಭೆಯನ್ನು, ನಾವು ಸಿ.ಎಸ್.ಐ. ಎನ್ನುವ ಸಭೆಯನ್ನು, ಕಟ್ಟಿದರು. 1949ರಲ್ಲಿ ಬಳ್ಳಾರಿ ಕಥೋಲಿಕ ಧರ್ಮಪ್ರಾಂತ ಸ್ಥಾಪನೆಯಾಯಿತು. ಈಚಿನ ದಶಕಗಳಲ್ಲಿ ಪೆಂತೆಕೋಸ್ತ್ ಸಭೆಗಳೂ ಯಾವ ದೊಡ್ಡ ಸಂಸ್ಥೆಗೂ ಸೇರದ ಸ್ವತಂತ್ರ ಸಭೆಗಳೂ ಹೆಚ್ಚಿವೆ. ಇವತ್ತು ಹಳ್ಳಿಯಲ್ಲಿ ಕ್ರೈಸ್ತ ಆರಾಧನೆ ಎಂದರೆ ಬಹುಮಟ್ಟಿಗೆ ಒಂದು ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ನಡೆಯುವ ಪ್ರಾರ್ಥನೆ.

ಈ ಇತಿಹಾಸವನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮಿಷನರಿಗಳಲ್ಲಿ ಆ ಕಾಲದ ಆಳುವವರ ಗರ್ವವೂ ಇತ್ತು, ಈ ನೆಲದ ನಂಬಿಕೆಗಳನ್ನು ಹೀನಾಯವಾಗಿ ಕಂಡ ಬರಹಗಳೂ ಇವೆ. ಅದನ್ನು ಒಪ್ಪಿಕೊಂಡೇ ಒಂದು ಸಂಗತಿ ಗಮನಿಸಬೇಕು. ಅವರು ಬಿಟ್ಟುಹೋದದ್ದರಲ್ಲಿ ಇಂದಿಗೂ ಎಲ್ಲರಿಗೂ ಬೇಕಾಗಿ ಉಳಿದಿರುವುದು ನಿಘಂಟು, ಶಾಲೆ, ಆಸ್ಪತ್ರೆ, ಬರಗಾಲದ ಆಸರೆ. ಇವೆಲ್ಲ ವಾರದ ದಿನಗಳಲ್ಲಿ ಬೆವರು ಹರಿಸಿ ಮಾಡಿದ ಕೆಲಸ.

ಉತ್ತಂಗಿಯವರು ತೋರಿದ ದಾರಿ

ಹಡಗಲಿ ತಾಲ್ಲೂಕಿನಿಂದ ಬಂದವರಿಗೆ ಉತ್ತಂಗಿ ಗ್ರಾಮವನ್ನು ಪರಿಚಯಿಸಬೇಕಿಲ್ಲ. ಆ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೈವಜ್ಞಾನ ಕಲಿತು, ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಸಭಾಪಾಲಕರಾಗಿ ದುಡಿದರು. ಸುವಾರ್ತೆ ಸಾರುತ್ತಾ ಹಳ್ಳಿ ಸುತ್ತುವಾಗ ಜನರ ನಾಲಿಗೆಯ ಮೇಲಿದ್ದ ಸರ್ವಜ್ಞ ಅವರ ಕಿವಿಗೆ ಬಿದ್ದ. ಹಸ್ತಪ್ರತಿ ಹುಡುಕಿ, ಹೇಳುವವರ ಬಾಯಿಂದ ಕೇಳಿ ಬರೆದುಕೊಂಡು, ಪಾಠಗಳನ್ನು ಹೋಲಿಸಿ, ಸುಮಾರು ಎರಡು ಸಾವಿರ ವಚನಗಳನ್ನು 1924ರಲ್ಲಿ ಪ್ರಕಟಿಸಿದರು. ಆಮೇಲೆ ಶರಣರ ಕಡೆಗೆ ತಿರುಗಿದರು. ಅನುಭವ ಮಂಟಪ ನಿಜವಾಗಿ ಇತ್ತೆ ಎಂಬ ಚರ್ಚೆ ಎದ್ದಾಗ ಅದರ ಐತಿಹಾಸಿಕತೆಯ ಪರವಾಗಿ ಪುಸ್ತಕವನ್ನೇ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರಿಸ್ತನ ಸೇವಕರೇ ಆಗಿದ್ದರು. ಕನ್ನಡಿಗರು ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು.

ಇಂದಿನ ಸಭಾಪಾಲಕರಿಗೆ ಉತ್ತಂಗಿಯವರಿಂದ ಕಲಿಯುವುದು ಬಹಳ ಇದೆ. ಅವರು ಜನರ ನಡುವೆ ಹೇಳುವವರಾಗಿ ಹೋದರು, ಕೇಳುವವರೂ ಆದರು. ತಮ್ಮ ನಂಬಿಕೆಯನ್ನು ಒಂದಿಷ್ಟೂ ಬಿಟ್ಟುಕೊಡದೆ, ನೆರೆಯವನ ನಿಧಿಯನ್ನು ತಲೆಯ ಮೇಲೆ ಹೊತ್ತು ತಂದು ಅವನಿಗೇ ಒಪ್ಪಿಸಿದರು. ನಮ್ಮ ಎಷ್ಟೋ ಯುವ ಸೇವಕರು ಯೂಟ್ಯೂಬಿನಲ್ಲಿ ಕೇಳಿದ ತೆಲುಗು, ಹಿಂದಿ, ಇಂಗ್ಲಿಷ್ ಪ್ರಸಂಗಗಳ ಧಾಟಿಯಲ್ಲಿ ಮೈಕಿನ ಮುಂದೆ ಕೂಗುತ್ತಾರೆ. ಎದುರಿಗೆ ಕುಳಿತ ಅಜ್ಜಿಗೆ ಆ ಮಾತು ಮನೆಯ ಮಾತಾಗಿ ಕೇಳುವುದಿಲ್ಲ. ಜನರ ಭಾಷೆಯಲ್ಲಿ ದೇವರ ಮಾತು ಆಡಬೇಕಾದರೆ ಜನರ ಕಟ್ಟೆಯ ಮೇಲೆ ಕುಳಿತು ಕೇಳಿರಬೇಕು. ಅದಕ್ಕೆ ಭಾನುವಾರ ಸಾಲದು.

ಗುಳೆ ಹೋದ ಸಭೆ

ನಮ್ಮ ಸಭೆಗಳ ಈಗಿನ ಸ್ಥಿತಿ ನೋಡಬೇಕೆಂದರೆ ಶೇಂಗಾ ಕಿತ್ತು, ಜೋಳ, ಮೆಕ್ಕೆಜೋಳದ ಕೆಲಸ ಮುಗಿದ ಮೇಲೆ ಬನ್ನಿ. ಹೆದ್ದಾರಿಯ ಬದಿಯಲ್ಲಿ ಚೀಲ, ಪಾತ್ರೆ, ಹಾಸಿಗೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸಿಗೆ ಕಾಯುವ ಕುಟುಂಬಗಳಿರುತ್ತವೆ. ಕೆಲವರು ಗಾರೆ ಕೆಲಸಕ್ಕೆ ಬೆಂಗಳೂರಿಗೆ, ಕೆಲವರು ಕಾಫಿ ತೋಟಗಳಿಗೆ, ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು. ಎಲ್ಲ ಜಾತಿ, ಎಲ್ಲ ಧರ್ಮದ ಬಡವರೂ ಆ ಗುಂಪಿನಲ್ಲಿರುತ್ತಾರೆ. ಕ್ರಿಸ್ಮಸ್ ಹೊತ್ತಿಗೆ ಹಳ್ಳಿಯ ಸಭೆಯಲ್ಲಿ ಉಳಿದಿರುವವರು ಮುದುಕರು, ಅವರ ಮಡಿಲಲ್ಲಿ ಬಿಟ್ಟುಹೋದ ಮಕ್ಕಳು.

ನಾವು ಕೆಲವು ಸಭಾಪಾಲಕರು ಭಾನುವಾರ ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಗುಳೆ ಹೋದವರ ಜೊತೆ ಪ್ರಾರ್ಥನೆ ನಡೆಸುತ್ತೇವೆ. ಅತ್ತ ಕಡೆ ತಗಡಿನ ಶೆಡ್ಡಿನಲ್ಲಿ ಒಂದೇ ಫೋನಿನ ಸುತ್ತ ನಾಲ್ಕಾರು ಜನ ಕೂತಿರುತ್ತಾರೆ. ಹಿಂದೆ ಟಿಪ್ಪರ್ ಸದ್ದು, ಮಗುವಿನ ಅಳು. ಒಂದು ರಾತ್ರಿ ಪ್ರಾರ್ಥನೆಯ ವಿಷಯಗಳನ್ನು ಕೇಳಿದಾಗ ತಾಯಿಯೊಬ್ಬಳು ಹೇಳಿದಳು: "ಅಯ್ಯನೋರೆ, ನಮಗೇನೂ ಬ್ಯಾಡ್ರಿ. ಮಗಳು ಏಳನೇತ್ತೆ ಓದಾಕತ್ಯಾಳ. ಈ ಸಲ ಆಕೀನ್ನ ಇಲ್ಲಿಗೆ ಕರ್ಕೊಂಡು ಬರಬಾರದು ಅಂತ ಮಾಡೀವಿ. ಆಕೀನ್ನ ಹಾಸ್ಟೆಲ್ಲಿಗೆ ಸೇರಿಸ್ರಿ." ಆ ಪ್ರಾರ್ಥನೆಗೆ ಆಮೆನ್ ಹೇಳಿ ಫೋನ್ ಇಟ್ಟರೆ ಮುಗಿಯುವುದಿಲ್ಲ. ಸೋಮವಾರ ಬೆಳಿಗ್ಗೆ ಆ ಹುಡುಗಿಯ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಆಧಾರ್, ವರ್ಗಾವಣೆ ಪತ್ರ ಹಿಡಿದುಕೊಂಡು ನಾಡಕಚೇರಿ, ಶಾಲೆ, ಹಾಸ್ಟೆಲ್ಲು ಎಂದು ಅಲೆಯಬೇಕು. ಆಗಲೇ ಅದು ಪೂರ್ಣ ಪ್ರಾರ್ಥನೆ.

ಮೇವು ಹುಡುಕಿ ಕುರಿ ವಲಸೆ ಹೊರಟಾಗ ನಮ್ಮ ಕಡೆಯ ಕುರಿಗಾಹಿ ಹಟ್ಟಿಯಲ್ಲಿ ಕೂರುವುದಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು ಹಿಂಡಿನ ಜೊತೆಯಲ್ಲೇ ನಡೆಯುತ್ತಾನೆ. ತನ್ನನ್ನು ಒಳ್ಳೆಯ ಕುರುಬನೆಂದು ಕರೆದುಕೊಂಡ ಯೇಸುವಿನ ಹೆಸರಿನಲ್ಲಿ ದುಡಿಯುವ ನಾವು ಖಾಲಿ ಬೆಂಚುಗಳಿಗೆ ಪ್ರಸಂಗ ಮಾಡಿ ಹಾಜರಿ ಕಡಿಮೆಯಾಯಿತೆಂದು ಗೊಣಗುವುದು ಸರಿಯಲ್ಲ. ಗುಳೆ ಹೋಗುವ ಪ್ರತಿ ಮನೆಯವರ ಫೋನ್ ನಂಬರ್, ಹೋಗುವ ಜಾಗ, ಕರೆದೊಯ್ಯುವ ಮೇಸ್ತ್ರಿಯ ಹೆಸರು ಸಭೆಯಲ್ಲಿ ಬರೆದಿಡಬೇಕು. ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡ್ ಮಾಡಿಸಿಕೊಡಬೇಕು. ಅವರು ಕೆಲಸ ಮಾಡುವ ಊರಿನ ಸಭೆಗೆ ಪತ್ರ ಬರೆದು, ಕಾಯಿಲೆ ಬಿದ್ದರೆ, ಅಪಘಾತವಾದರೆ, ಕೂಲಿ ಕೊಡದೆ ಸತಾಯಿಸಿದರೆ ಓಡಿಹೋಗಿ ನಿಲ್ಲುವವರನ್ನು ಗೊತ್ತುಮಾಡಬೇಕು. ಬೆಂಗಳೂರಿನ ದೊಡ್ಡ ಸಭೆಗಳವರಿಗೆ ನನ್ನ ವಿನಂತಿ ಇದೇ: ನಿಮ್ಮ ದೇವಾಲಯದ ಪಕ್ಕದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಕೆಳಗಿನ ಶೆಡ್ಡಿನಲ್ಲಿ ನಮ್ಮವರಿದ್ದಾರೆ, ಹೋಗಿ ಮಾತಾಡಿಸಿ.

ರಿಜಿಸ್ಟರಿನ ಒಂದು ಖಾನೆ

ಸಭೆಯ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ತಂದೆಯ ಹೆಸರಿಗೆಂದು ಒಂದು ಖಾನೆ ಇದೆ. ನಮ್ಮ ಸೀಮೆಯಲ್ಲಿ ಆ ಖಾನೆ ಎಷ್ಟೋ ತಾಯಂದಿರ ತಲೆಯನ್ನು ತಗ್ಗಿಸಿದೆ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ಸರ್ಕಾರ ಗುರುತಿಸಿದ ಮಾಜಿ ದೇವದಾಸಿಯರು 46 ಸಾವಿರಕ್ಕೂ ಹೆಚ್ಚು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಯವರಿಗೆ ಇದು ದೂರದ ಸುದ್ದಿಯಾಗಿಲ್ಲ. ಆ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ಕಚೇರಿಯ ಕಿಟಕಿಯಲ್ಲಿ ಅದೇ ಪ್ರಶ್ನೆ ಎದುರಿಸಿದವರು. ದೇವಾಲಯದಲ್ಲೂ ಅದನ್ನೇ ಕೇಳಿದರೆ ಅವರು ಹೋಗುವುದಾದರೂ ಎಲ್ಲಿಗೆ?

ಮತ್ತಾಯನ ಸುವಾರ್ತೆಯ ಮೊದಲ ಪುಟದಲ್ಲಿ ಯೇಸುವಿನ ವಂಶಾವಳಿ ಇದೆ. ಗಂಡಸರ ಹೆಸರುಗಳ ಆ ಉದ್ದ ಸಾಲಿನ ನಡುವೆ ತಾಮಾರಳು, ರಹಾಬಳು, ರೂತಳು, ಊರೀಯನ ಹೆಂಡತಿ ಬರುತ್ತಾರೆ. ಲೋಕ ಬೆರಳು ತೋರಿಸಬಹುದಾಗಿದ್ದ ಹೆಂಗಸರು, ಪರದೇಶದ ಹೆಂಗಸರು. ಅವರನ್ನು ಮರೆಮಾಚದೆ ತನ್ನ ಮನೆತನದ ಪಟ್ಟಿಯಲ್ಲಿ ಇಟ್ಟುಕೊಂಡ ಕರ್ತನ ಸಭೆಯಲ್ಲಿ ತಾಯಿಯ ಹೆಸರೊಂದೇ ಸಾಕು. ನಾನು ತಾಯಿಯ ಹೆಸರನ್ನು ಮೊದಲು ಬರೆಯುತ್ತೇನೆ, ಮುಂದಿನ ಖಾನೆ ಖಾಲಿ ಉಳಿದರೆ ಯಾರನ್ನೂ ಏನನ್ನೂ ಕೇಳುವುದಿಲ್ಲ. ಎಲ್ಲ ಸಭೆಗಳೂ ಇದನ್ನು ನಿಯಮವನ್ನಾಗಿ ಮಾಡಿಕೊಳ್ಳಲಿ.

ಹೆಂಗಸರ ಮಾತು ಬಂದಿರುವುದರಿಂದ ಇನ್ನೊಂದು ವಿಷಯ. ನಮ್ಮ ಪಕ್ಕದ ರಾಯಲಸೀಮೆಯ ನಂದ್ಯಾಲದಲ್ಲಿ 2013ರಲ್ಲಿ ಇ. ಪುಷ್ಪಲಲಿತ ಅವರು ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್ ಆದರು. ಆದರೂ ಹಳ್ಳಿಯ ಸಭೆಗಳಲ್ಲಿ ಉಪವಾಸ ಪ್ರಾರ್ಥನೆ ನಡೆಸುವವರು, ಕಸ ಗುಡಿಸುವವರು, ಅಡುಗೆ ಮಾಡುವವರು ಹೆಂಗಸರು. ಲೆಕ್ಕ, ತೀರ್ಮಾನ, ಕುರ್ಚಿ ಗಂಡಸರದು. ಇದು ಬದಲಾಗಲೇಬೇಕು.

ಪ್ರಾರ್ಥನೆ, ಔಷಧಿ, ಹಣ

ಜನ ಸಭೆಗೆ ಮೊದಲು ಬರುವುದು ಬಹುಪಾಲು ಕಾಯಿಲೆಯ ಕಾರಣಕ್ಕೆ. ದೊಡ್ಡಾಸ್ಪತ್ರೆ ದೂರ, ಖಾಸಗಿ ಆಸ್ಪತ್ರೆಯ ಬಿಲ್ಲಿಗೆ ಹೆದರಿಕೆ, ಸಾಲದ ಮೇಲೆ ಸಾಲ. ಅಂಥ ಹೊತ್ತಿನಲ್ಲಿ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವವರು ಸಿಕ್ಕರೆ ಜೀವಕ್ಕೆ ಧೈರ್ಯ ಬರುತ್ತದೆ. ಪ್ರಾರ್ಥನೆಗೆ ದೇವರು ಉತ್ತರ ಕೊಡುತ್ತಾನೆಂದು ನಾನು ನಂಬುತ್ತೇನೆ, ಕಂಡಿದ್ದೇನೆ. ಆದರೆ ವಿಶ್ವಾಸವಿದ್ದರೆ ಮಾತ್ರೆ ಬಿಡು ಎಂದು ಹೇಳುವ ಬೋಧಕರು ಜೀವದ ಜೊತೆ ಆಟವಾಡುತ್ತಾರೆ. ಕ್ಷಯದ ಔಷಧಿಯನ್ನು ಆರು ತಿಂಗಳಾದರೂ ಬಿಡದೆ ನುಂಗಬೇಕು. ನಡುವೆ ನಿಲ್ಲಿಸಿದರೆ ರೋಗ ಔಷಧಿಗೆ ಬಗ್ಗದ ಹಾಗೆ ಬೆಳೆಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗದ ಮಾತ್ರೆಗಳಿಗೂ ಇದೇ ಎಚ್ಚರ ಬೇಕು. ಯೆಶಾಯ ಪ್ರವಾದಿ ಹಿಜ್ಕೀಯ ಅರಸನ ಹುಣ್ಣಿಗೆ ಅಂಜೂರದ ಲೇಪ ಹಾಕಿಸಿದ. ಪೌಲನ ಜೊತೆಗಾರ ಲೂಕನೇ ವೈದ್ಯ. ಇಡಾ ಸ್ಕಡರ್ 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಸೇವೆ ಇಂದು ದೇಶವೇ ನೋಡುವ ಆಸ್ಪತ್ರೆಯಾಗಿದೆ. ಸಭಾಪಾಲಕ ಪ್ರಾರ್ಥನೆ ಮಾಡಲಿ, ಮಾರನೆಯ ದಿನ ರೋಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಕರೆದುಕೊಂಡು ಹೋಗಲಿ.

ಹಣದ ವಿಷಯವನ್ನು ಮುಚ್ಚಿಡಬಾರದು. ಕಾಣಿಕೆ ಹಾಕಿದರೆ ನೂರುಪಟ್ಟು ಬರುತ್ತದೆ ಎಂಬ ಬೋಧನೆ ಬಡವರ ಕೂಲಿಯನ್ನು ಕಸಿಯುತ್ತದೆ. ದೊಡ್ಡ ಸಂಸ್ಥೆಗಳ ಸಭೆಗಳಲ್ಲಿ ಆಸ್ತಿ, ಚುನಾವಣೆ, ಅಧಿಕಾರದ ಜಗಳಗಳು ಕೋರ್ಟಿನವರೆಗೆ ಹೋಗುತ್ತವೆ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಸಾಗಿಸುವಾಗ ಪೌಲ ಒಬ್ಬಂಟಿಯಾಗಿ ಅದನ್ನು ಮುಟ್ಟಲಿಲ್ಲ. ಸಭೆಗಳು ಆರಿಸಿದ ಜನರನ್ನು ಜೊತೆಗೆ ಇಟ್ಟುಕೊಂಡ, ಯಾರೂ ಬೆರಳು ತೋರಿಸದಿರಲಿ ಎಂದು. ಹತ್ತು ಮನೆಯ ಸಭೆಯಾದರೂ ಸರಿ, ಪ್ರತಿ ತಿಂಗಳು ಜಮಾಖರ್ಚನ್ನು ಓದಿ ಹೇಳಿ ಗೋಡೆಗೆ ಅಂಟಿಸಬೇಕು. ಆ ಹಾಳೆ ಪ್ರಸಂಗಕ್ಕಿಂತ ಹೆಚ್ಚು ಜನರನ್ನು ಮುಟ್ಟುತ್ತದೆ.

ಒಂದೇ ಪಂಕ್ತಿ

ಜಾತಿಯ ಬಗ್ಗೆ ಹೇಳದೆ ಈ ಉಪನ್ಯಾಸ ಮುಗಿಸಿದರೆ ನಾನು ನನ್ನ ಸೇವೆಗೆ ದ್ರೋಹ ಮಾಡಿದಂತೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಮೀಸಲಿಟ್ಟಿತು; 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತ ಮತ್ತು ಮುಸ್ಲಿಂ ದಲಿತರು ಹೊರಗೇ ಉಳಿದರು. ಈ ಪ್ರಶ್ನೆಯ ಅಧ್ಯಯನಕ್ಕೆ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗ 2022ರಲ್ಲಿ ನೇಮಕವಾಯಿತು. ಮತಾಂತರದಿಂದ ಬಡತನವೂ ಹೋಗುವುದಿಲ್ಲ, ಊರು ನೋಡುವ ಕಣ್ಣೂ ಬದಲಾಗುವುದಿಲ್ಲ. ಆದ್ದರಿಂದ ಈ ತಾರತಮ್ಯ ಹೋಗಬೇಕೆಂದು ಕೇಳುವುದು ನ್ಯಾಯ.

ಸರ್ಕಾರದ ಮುಂದೆ ನ್ಯಾಯ ಕೇಳುವ ನಾವು ನಮ್ಮ ಮನೆಯೊಳಗೂ ನೋಡಿಕೊಳ್ಳಬೇಕು. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದವರು ಮಕ್ಕಳ ಮದುವೆ ಮಾತು ಬಂದಾಗ ಹಳೆಯ ಜಾತಿಯನ್ನು ಕೇಳುತ್ತಾರೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆಗಿನ ಊಟದಿಂದ ಹಿಂದೆ ಸರಿದಾಗ ಪೌಲ ಎಲ್ಲರ ಎದುರಿಗೇ ಖಂಡಿಸಿದ. ಅಪೊಸ್ತಲರಲ್ಲಿ ಹಿರಿಯನೆಂದು ಬಿಡಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಇದೇ ಕನ್ನಡ ನೆಲದಲ್ಲಿ ಇದೇ ಪ್ರಶ್ನೆಗೆ ಪ್ರಾಣ ಕೊಟ್ಟರು. ಎರಡೂ ಪರಂಪರೆಗಳ ವಾರಸುದಾರರು ನಾವು. ಜಾತಿ ಕೇಳಿ ಮದುವೆ ಮಾಡುವ ಮನೆಯ ಹಿರಿಯರನ್ನು ಸಭೆಯ ಹುದ್ದೆಗೆ ಆರಿಸಬಾರದು. ಇಷ್ಟಾದರೂ ಕಟ್ಟುನಿಟ್ಟು ಬೇಕು.

ನೆರೆಹೊರೆಯವರಿಗೆ

ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ಕುರಿತ ಕಾಯ್ದೆ ಬಂತು; 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ಆ ದಿನಗಳಲ್ಲಿ ಎದ್ದ ಅನುಮಾನ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಇಳಿದಿಲ್ಲ. ಮನೆಯಲ್ಲಿ ಪ್ರಾರ್ಥನೆಗೆ ಕೂಡಿದರೆ ಹೊರಗೆ ಯಾರೋ ಫೋನಿನಲ್ಲಿ ಚಿತ್ರ ಹಿಡಿಯುತ್ತಾರೆಂಬ ಭಯದಲ್ಲಿ ಹೆಣ್ಣುಮಕ್ಕಳು ಬಾಗಿಲು ಮುಚ್ಚಿ ಹಾಡುತ್ತಾರೆ. ನಾನು ಎರಡು ಕಡೆಯವರಿಗೂ ಹೇಳುತ್ತೇನೆ. ನಮ್ಮ ಸೇವಕರೆ, ಹಣ, ಅಕ್ಕಿ, ಕೆಲಸದ ಆಸೆ ತೋರಿಸಿ ಯಾರನ್ನೂ ಕರೆಯಬೇಡಿ, ಇನ್ನೊಬ್ಬರ ದೇವರನ್ನು ಹಳಿಯಬೇಡಿ. ಒಬ್ಬನನ್ನು ತಮ್ಮ ಮತಕ್ಕೆ ಸೇರಿಸಲು ಸಮುದ್ರ ದಾಟಿ ಹೋಗಿ ಅವನನ್ನು ಕೆಡಿಸುವವರನ್ನು ಯೇಸು ಕಟುವಾಗಿ ಬೈದಿದ್ದಾನೆ. ಊರಿನ ಹಿರಿಯರೆ, ಸಂವಿಧಾನದ 25ನೆಯ ವಿಧಿ ಅಂತಃಕರಣದ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಅನುಮಾನವಿದ್ದರೆ ನಮ್ಮ ಪ್ರಾರ್ಥನೆಗೆ ಬಂದು ಕುಳಿತು ನೋಡಿ. ನಮ್ಮಲ್ಲಿ ಸಾವಾದಾಗ ಹೂಳಲು ಜಾಗವಿಲ್ಲದೆ ಹೆಣ ಇಟ್ಟುಕೊಂಡು ಕಚೇರಿಗೆ ಅಲೆಯುವ ಸ್ಥಿತಿ ಬಾರದಂತೆ ಗ್ರಾಮ ಪಂಚಾಯಿತಿಯಲ್ಲಿ ನಮ್ಮ ಪರವಾಗಿ ಒಂದು ಮಾತು ಆಡಿ.

ಬಂಧುಗಳೆ, ಸಭಾ ಹಿರಿಯರಲ್ಲಿ ನನ್ನ ಕೋರಿಕೆ ಸ್ಪಷ್ಟವಾಗಿದೆ. ಮುಂದಿನ ವಾರ್ಷಿಕ ಸಭೆಯಲ್ಲಿ ನಿಮ್ಮ ಸಭಾಪಾಲಕರನ್ನು ಎಷ್ಟು ಜನ ಸೇರಿದರು ಎಂದು ಕೇಳುವ ಮೊದಲು ಎಷ್ಟು ಮನೆಗಳಿಗೆ ಹೋದಿರಿ ಎಂದು ಕೇಳಿ. ಗುಳೆ ಹೋದವರ ಪಟ್ಟಿ ತೋರಿಸಿ ಎನ್ನಿ. ಲೆಕ್ಕ ಗೋಡೆಗೆ ಹಾಕಿಸಿ. ಹೆಂಗಸರನ್ನು ಸಭೆಯ ಪಂಚಾಯತಿಯಲ್ಲಿ ಕೂರಿಸಿ. ಸೇವೆಗೆ ಬರಬೇಕೆಂದಿರುವ ಯುವಕ ಯುವತಿಯರೆ, ಮೈಕು ಹಿಡಿಯುವ ಮೊದಲು ಒಂದು ವರ್ಷ ಜನರ ಮನೆಗಳಿಗೆ ನಡೆದುಹೋಗಿ. ಈ ಸೀಮೆಗೆ ಪ್ರಸಂಗಿಗಳ ಕೊರತೆ ಇಲ್ಲ. ಬಾಗಿಲು ತಟ್ಟಿ ಬಂದು ಕುಳಿತು, ಕಷ್ಟ ಕೇಳಿ, ಮರುದಿನವೂ ಬರುವ ಸೇವಕರು ಬೇಕಾಗಿದ್ದಾರೆ. ಅಂಥವರನ್ನು ಬೆಳೆಸಿ.